ಪುದೀನದ ಘಮ: ತಲೆಗೆಷ್ಟು, ಹೊಟ್ಟೆಗೆಷ್ಟು?

ಪೆಪ್ಪರಮೆಂಟು ಎಂದರೆ ಹಳ್ಳಿಯ ಮಕ್ಕಳಿಗೆ ಅಂಗಡಿಯ ಗಾಜಿನ ಭರಣಿಯಲ್ಲಿರುವ, ಬಾಯಲ್ಲಿಟ್ಟು ಚೀಪುವ ಸಿಹಿ ಗುಳಿಗೆ. ಅದರಲ್ಲಿ ಕಿತ್ತಳೆಯ ರುಚಿಯಿರಲಿ, ನಿಂಬೆಯ ರುಚಿಯಿರಲಿ, ಹೆಸರು ಮಾತ್ರ ಪೆಪ್ಪರಮೆಂಟೇ. ಇದು ಪುದೀನದ ಕುಲಕ್ಕೆ ಸೇರಿದ ಒಂದು ಗಿಡದ ಹೆಸರೆಂಬುದನ್ನು ಬಲ್ಲವರು ಕಡಿಮೆ. ಆ ಗಿಡದಿಂದ ಬಟ್ಟಿ ಇಳಿಸಿದ ಎಣ್ಣೆ ಈಗ ಸಣ್ಣ ಶೀಷೆಗಳಲ್ಲಿ ಎಲ್ಲ ಪೇಟೆಗಳಿಗೂ ಬಂದಿದೆ. ಇದನ್ನು ಮೂಸಿದರೆ ಜ್ಞಾಪಕಶಕ್ತಿ ಹೆಚ್ಚುತ್ತದೆ, ಪರೀಕ್ಷೆಗೆ ಓದುವ ಮಕ್ಕಳ ಬುದ್ಧಿ ಚುರುಕಾಗುತ್ತದೆ, ಹಸಿವಿಲ್ಲದವರಿಗೆ ಹಸಿವಾಗುತ್ತದೆ, ದಪ್ಪಗಿರುವವರಿಗೆ ಹಸಿವು ಇಂಗುತ್ತದೆ ಎಂದೆಲ್ಲ ಹೇಳಿ ಮಾರುವುದುಂಟು. ಒಂದೇ ಎಣ್ಣೆ ಒಬ್ಬನಿಗೆ ಹಸಿವು ತರಿಸಿ ಇನ್ನೊಬ್ಬನ ಹಸಿವು ಕಳೆಯುವುದು ಹೇಗೆ ಎಂದು ಕೇಳುವವರು ಮಾತ್ರ ವಿರಳ.

ರೈತನಿಗೆ ಈ ವಿಷಯದಲ್ಲಿ ಎರಡು ಪ್ರಶ್ನೆಗಳಿವೆ. ಮನೆಯಲ್ಲಿ ಇದನ್ನು ಎಷ್ಟರಮಟ್ಟಿಗೆ ನಂಬಬಹುದು? ಎಣ್ಣೆಗಾಗಿ ಇದನ್ನು ಹೊಲದಲ್ಲಿ ಬೆಳೆಯಬಹುದೆ? ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದ ನೆಲ, ನೀರು, ಬಿಸಿಲನ್ನು ಮುಂದಿಟ್ಟುಕೊಂಡು ಇವೆರಡನ್ನೂ ವಿಚಾರಿಸಬೇಕಾಗಿದೆ.

ಪುದೀನ ಒಂದೇ ಬಗೆಯಲ್ಲ

ಸಂತೆಯಲ್ಲಿ ಕೊತ್ತಂಬರಿಯ ಪಕ್ಕದಲ್ಲಿ ಕಟ್ಟು ಕಟ್ಟಿ ಮಾರುವ ಅಡಿಗೆಯ ಪುದೀನ ಬೇರೆ, ಪೆಪ್ಪರಮಿಂಟ್ ಬೇರೆ, ಮೆಂಥಾಲ್ ಹರಳು ತೆಗೆಯುವ ಜಪಾನೀ ಪುದೀನ ಬೇರೆ. ಪೆಪ್ಪರಮಿಂಟ್ ಎಂಬುದು ನೀರು ಪುದೀನ ಮತ್ತು ಅಡಿಗೆಯ ಪುದೀನಗಳ ಮಿಶ್ರತಳಿ. ಇದು ಬೀಜದಿಂದ ಬೆಳೆಯುವುದಿಲ್ಲ, ಬೇರುಕಾಂಡದಿಂದಲೇ ವಂಶ ಮುಂದುವರಿಯಬೇಕು. ಇದರ ಎಣ್ಣೆಯಲ್ಲಿ ಮೆಂಥಾಲ್ ಅಂಶ ಹೆಚ್ಚುಕಡಿಮೆ ಅರ್ಧದಷ್ಟು. ಜಪಾನೀ ಪುದೀನದ ಎಣ್ಣೆಯಲ್ಲಿ ಅದು ನೂರಕ್ಕೆ 70ರಿಂದ 80ರಷ್ಟಿರುತ್ತದೆ. ಎಲೆ ಅಡಿಕೆಗೆ ಹಾಕುವ, ನೋವಿನ ಮುಲಾಮಿಗೆ ಸೇರಿಸುವ ಬಿಳಿಯ ಹರಳು ಬರುವುದು ಮುಖ್ಯವಾಗಿ ಇದರಿಂದ.

ಅಡಿಗೆಯ ಪುದೀನದಲ್ಲಿ ಮೆಂಥಾಲ್ ಇಲ್ಲವೆನ್ನುವಷ್ಟು ಕಡಿಮೆ. ಅದರ ವಾಸನೆಗೆ ಕಾರಣ ಕಾರ್ವೋನ್ ಎಂಬ ವಸ್ತು. ಇಲ್ಲೊಂದು ಸ್ವಾರಸ್ಯವಿದೆ. ಸಬ್ಬಸಿಗೆ ಬೀಜದ ಎಣ್ಣೆಯಲ್ಲಿರುವುದೂ ಕಾರ್ವೋನೇ. ಆದರೆ ಎಡಗೈ ಬಲಗೈಗಳಂತೆ ಇವೆರಡರ ಅಣುರಚನೆ ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬ. ಮಾಡಿರುವ ಸಾಮಗ್ರಿ ಒಂದೇ ಆದರೂ ಮೂಗು ಒಂದನ್ನು ಪುದೀನವೆಂದೂ ಇನ್ನೊಂದನ್ನು ಸಬ್ಬಸಿಗೆಯೆಂದೂ ಗುರುತಿಸುತ್ತದೆ. ಆದ್ದರಿಂದ ಪೆಪ್ಪರಮಿಂಟ್ ಎಣ್ಣೆಯ ಮೇಲೆ ನಡೆದ ಪ್ರಯೋಗಗಳ ಫಲವನ್ನು ಮನೆಯ ಚಟ್ನಿಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ. ಜೋಳದ ತಳಿಯ ಪ್ರಯೋಗ ನೋಡಿ ಸಜ್ಜೆ ಬಿತ್ತಿದ ಹಾಗಾದೀತು.

ತಲೆಯ ಮಾತು

ಇಂಗ್ಲೆಂಡಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಮಾಸ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ನಡೆಸಿದ ಒಂದು ಪ್ರಯೋಗ 2008ರಲ್ಲಿ ಪ್ರಕಟವಾಯಿತು. 144 ಮಂದಿ ಸ್ವಯಂಸೇವಕರನ್ನು ಮೂರು ಗುಂಪು ಮಾಡಲಾಗಿತ್ತು. ಒಂದು ಗುಂಪು ಪೆಪ್ಪರಮಿಂಟಿನ ವಾಸನೆಯಿದ್ದ ಕೋಣೆಯಲ್ಲಿ, ಇನ್ನೊಂದು ಇಲಾಂಗ್ ಇಲಾಂಗ್ ಎಂಬ ಹೂವಿನ ಎಣ್ಣೆಯ ವಾಸನೆಯಿದ್ದ ಕೋಣೆಯಲ್ಲಿ, ಮತ್ತೊಂದು ಯಾವ ವಾಸನೆಯೂ ಇಲ್ಲದ ಕೋಣೆಯಲ್ಲಿ ಕುಳಿತು ಜ್ಞಾಪಕಶಕ್ತಿಯ ಪರೀಕ್ಷೆ ಬರೆದವು. ಪೆಪ್ಪರಮಿಂಟಿನ ಗುಂಪಿನವರ ನೆನಪು ಉತ್ತಮವಾಗಿತ್ತು, ಎಚ್ಚರವೂ ಹೆಚ್ಚಾಗಿತ್ತು. ಇಲಾಂಗ್ ಇಲಾಂಗ್ ಮೂಸಿದವರು ಶಾಂತರಾದರು, ಆದರೆ ನೆನಪು ಕುಂದಿ ಕೆಲಸ ನಿಧಾನವಾಯಿತು. ಅದೇ ವಿಶ್ವವಿದ್ಯಾಲಯದಿಂದ 2018ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ 24 ಮಂದಿ ಆರೋಗ್ಯವಂತ ತರುಣರಿಗೆ ಪೆಪ್ಪರಮಿಂಟ್ ಎಣ್ಣೆಯನ್ನು ಅಳತೆ ಮಾಡಿ ಗುಳಿಗೆಯಲ್ಲಿ ನುಂಗಿಸಲಾಯಿತು. ಹೆಚ್ಚಿನ ಪ್ರಮಾಣ, ಎಂದರೆ 100 ಮೈಕ್ರೋಲೀಟರು ಅಥವಾ ಸುಮಾರು ಎರಡು ಹನಿ, ಪಡೆದಾಗ ಬಹಳ ಹೊತ್ತು ಲೆಕ್ಕ ಮಾಡಿದರೂ ಅವರಿಗೆ ತಲೆ ದಣಿವು ಕಡಿಮೆಯೆನಿಸಿತು.

ಈ ಫಲಿತಾಂಶಗಳು ಸುಳ್ಳಲ್ಲ, ಆದರೆ ಅವುಗಳ ಅಳತೆಯನ್ನು ತಿಳಿಯಬೇಕು. ಪ್ರಯೋಗಕ್ಕೆ ಒಳಗಾದವರು ಆರೋಗ್ಯವಂತರು. ಫಲ ಕಂಡದ್ದು ಆ ಹೊತ್ತಿನ ಮಟ್ಟಿಗೆ. ಮೇಲಾಗಿ, ಗೊಬ್ಬರದ ಪ್ರಯೋಗದಲ್ಲಿ ಯಾವ ಮಡಿಗೆ ಏನು ಹಾಕಿದೆಯೆಂದು ಪೈರಿಗೆ ತಿಳಿಯದು. ವಾಸನೆಯ ಪ್ರಯೋಗದಲ್ಲಿ ಮನುಷ್ಯನ ಮೂಗಿಗೆ ತಿಳಿದೇ ತಿಳಿಯುತ್ತದೆ. 'ಇದು ಎಚ್ಚರ ಕೊಡುವ ವಾಸನೆ' ಎಂಬ ನಂಬಿಕೆಯೇ ಎಚ್ಚರ ಕೊಟ್ಟಿರಬಹುದು. ವಾಸನೆಯ ಪಾಲೆಷ್ಟು, ನಂಬಿಕೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಮರೆವಿನ ರೋಗ, ಮೂರ್ಛೆರೋಗ, ಬುದ್ಧಿ ಮಾಂದ್ಯ ಇವನ್ನು ಪುದೀನದ ಎಣ್ಣೆ ವಾಸಿ ಮಾಡುತ್ತದೆಂದು ಯಾರಾದರೂ ಹೇಳಿದರೆ ಅದಕ್ಕೆ ಆಧಾರವಿಲ್ಲ. ಪರೀಕ್ಷೆಗೆ ಓದುವ ಹುಡುಗ ಪುದೀನದ ನಾಲ್ಕು ಎಲೆ ಹೊಸಕಿ ಮೂಸಿದರೆ ನಷ್ಟವೇನಿಲ್ಲ. ರಾತ್ರಿ ಆರೇಳು ಗಂಟೆ ನಿದ್ದೆ ಬಿಟ್ಟು ಎಣ್ಣೆಯ ಶೀಷೆಯನ್ನು ನೆಚ್ಚಿದರೆ ನಷ್ಟವುಂಟು.

ಹಸಿವಿನ ಮಾತು

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿದ್ದ ವ್ಹೀಲಿಂಗ್ ಜೆಸ್ಯುಯಿಟ್ ವಿಶ್ವವಿದ್ಯಾಲಯದಲ್ಲಿ ಬ್ರಯನ್ ರೌಡೆನ್‌ಬುಷ್ ಅವರ ತಂಡ ಎರಡು ಗಂಟೆಗೊಮ್ಮೆ ಪೆಪ್ಪರಮಿಂಟ್ ಮೂಸಿದವರಿಗೆ ಹಸಿವು ಕಡಿಮೆಯಾಗಿ ಅವರು ಕಡಿಮೆ ತಿಂದರೆಂದು ವರದಿ ಮಾಡಿತು. ಹಸಿವು ಕಳೆಯುತ್ತದೆಂಬ ಪ್ರಚಾರಕ್ಕೆ ಮುಖ್ಯವಾಗಿ ಇಂಥ ಸಣ್ಣ ಪ್ರಯೋಗಗಳೇ ಬುಡ. ಬಳ್ಳಾರಿ ಕಡೆಯ ಅಡಿಗೆಮನೆಯ ಅನುಭವ ಇದಕ್ಕೆ ತಿರುಗುಮುರುಗು. ಬೇಸಿಗೆಯಲ್ಲಿ ಊಟ ಸೇರದವರಿಗೆ ರೊಟ್ಟಿಯ ಜೊತೆ ಪುದೀನ ಚಟ್ನಿ, ಮಜ್ಜಿಗೆಗೆ ಜಜ್ಜಿದ ಪುದೀನ ಕೊಡುವುದು ಬಾಯಿರುಚಿ ಹುಟ್ಟಲೆಂದೇ. ಎರಡರಲ್ಲಿ ಯಾವುದು ನಿಜ?

ಹೊಟ್ಟೆಯೊಳಗಿನ ಕ್ರಿಯೆಯನ್ನು ನೋಡಿದರೆ ಗೊಂದಲ ಸ್ವಲ್ಪ ಬಗೆಹರಿಯುತ್ತದೆ. ಮೆಂಥಾಲ್ ಕರುಳಿನ ಸ್ನಾಯುಗಳಿಗೆ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಒಳಹೋಗುವ ದಾರಿಯನ್ನು ತಡೆಯುತ್ತದೆ. ಇದರಿಂದ ಸ್ನಾಯು ಸಡಿಲಗೊಂಡು ಕರುಳಿನ ಸೆಳೆತ, ನುಲಿತ ತಗ್ಗುತ್ತದೆ. ಪದೇ ಪದೇ ಹೊಟ್ಟೆ ಕಚ್ಚಿ, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆಯಾಗುವ ಕರುಳಿನ ಕಿರಿಕಿರಿ ಬೇನೆಗೆ ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗುವಂತೆ ಹೊದಿಕೆ ಕೊಟ್ಟ ಪೆಪ್ಪರಮಿಂಟ್ ಗುಳಿಗೆಯನ್ನು ಕೊಡಬಹುದೆಂದು ಅಮೆರಿಕದ ಜಠರರೋಗ ತಜ್ಞರ ಸಂಘ 2021ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಈ ಎಣ್ಣೆಯ ಗುಣಗಳಲ್ಲಿ ಹೆಚ್ಚು ಗಟ್ಟಿ ಆಧಾರವಿರುವುದು ಇದಕ್ಕೇ ಹೊರತು ತಲೆಯ ಚುರುಕಿಗಲ್ಲ.

ಹೊಟ್ಟೆಯುಬ್ಬರದಿಂದ ಊಟ ಬೇಡವಾದವನಿಗೆ ಉಬ್ಬರ ಇಳಿದರೆ ಊಟ ತಾನಾಗಿ ಸೇರುತ್ತದೆ. ಪುದೀನ ಹಸಿವನ್ನು ಹುಟ್ಟಿಸಿತೆನ್ನುವುದಕ್ಕಿಂತ ಹಸಿವಿಗೆ ಅಡ್ಡ ನಿಂತದ್ದನ್ನು ಸರಿಸಿತು ಎನ್ನುವುದು ಸರಿ. ಮೂಸುವುದರಿಂದ ತಿನ್ನುವ ಚಪಲ ಸ್ವಲ್ಪ ಹೊತ್ತು ಮರೆಯುವುದೂ ಇರಬಹುದು, ಮನಸ್ಸು ಬೇರೆಡೆ ಹೊರಳಿದರೆ ಹಾಗಾಗುವುದುಂಟು. ಎದೆಯುರಿ, ಹುಳಿತೇಗು ಇರುವವರು ಮಾತ್ರ ಪುದೀನದ ಎಣ್ಣೆಯಿಂದ ದೂರವಿರಬೇಕು. ಅನ್ನನಾಳದ ಕೆಳಗಿನ ಬಾಯನ್ನೂ ಇದು ಸಡಿಲಿಸುವುದರಿಂದ ಹೊಟ್ಟೆಯ ಹುಳಿ ಮೇಲಕ್ಕೆ ಬಂದು ಉರಿ ಹೆಚ್ಚುತ್ತದೆ.

ಹಸಿವು ಸತ್ತಿರುವುದಕ್ಕೆ ಬೇರೆ ಕಾರಣಗಳಿರುತ್ತವೆ ಎಂಬುದನ್ನು ಗ್ರಾಮಸೇವಕರು, ಆಶಾ ಕಾರ್ಯಕರ್ತೆಯರು ಮನೆಮನೆಗೆ ತಿಳಿಸುವುದು ಒಳ್ಳೆಯದು. ಮಗುವಿಗೆ ಜಂತುಹುಳು, ಹೆಣ್ಣುಮಕ್ಕಳಿಗೆ ರಕ್ತಹೀನತೆ, ದೊಡ್ಡವರಿಗೆ ಕ್ಷಯ, ಕಾಮಾಲೆ ಇವೆಲ್ಲವೂ ಮೊದಲು ಊಟವನ್ನೇ ಬಿಡಿಸುತ್ತವೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿತ ಇವುಗಳ ಜೊತೆ ಹಸಿವು ಇಲ್ಲವಾದರೆ ಚಟ್ನಿ ಅರೆಯುತ್ತ ಕೂರದೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಅಲ್ಲಿ ಹಣ ತೆಗೆದುಕೊಳ್ಳುವುದಿಲ್ಲ.

ತಂಪೆಂಬ ಭ್ರಮೆ

ಮೆಂಥಾಲ್ ತಾಗಿದ ಚರ್ಮ ತಣ್ಣಗಾದಂತೆ ಅನಿಸುತ್ತದೆ. ಏಕೆಂದರೆ ಚಳಿಯನ್ನು ಗುರುತಿಸಿ ಮಿದುಳಿಗೆ ಸುದ್ದಿ ಕೊಡುವ ನರದ ತುದಿಯ ಬಾಗಿಲೊಂದನ್ನು ಮೆಂಥಾಲ್ ತಾನೇ ತೆರೆಯುತ್ತದೆ. ಈ ಬಾಗಿಲನ್ನು 2002ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಎಂಬ ವಿಜ್ಞಾನಿಗಳ ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದವು. ಉಷ್ಣ ಮತ್ತು ಸ್ಪರ್ಶದ ಅರಿವಿನ ಸಂಶೋಧನೆಗೆ ಅವರಿಬ್ಬರಿಗೆ 2021ರಲ್ಲಿ ನೊಬೆಲ್ ಬಹುಮಾನ ಬಂದಿತು. ಕುತೂಹಲದ ಮಾತೆಂದರೆ ಮೆಣಸಿನಕಾಯಿಯ ಖಾರ ಸುಡುವಂತೆ ತೋರುವುದು ಏಕೆಂಬುದನ್ನು ತಿಳಿಸಿದವರೂ ಜೂಲಿಯಸ್ ಅವರೇ. ಕುರುಗೋಡಿನ ಮೆಣಸಿನಕಾಯಿಯೂ ಹಿತ್ತಲ ಮೆಂಥಾಲೂ ಒಂದೇ ಬಗೆಯ ಮೋಸ ಮಾಡುತ್ತವೆ. ಒಂದು ಇಲ್ಲದ ಬೆಂಕಿಯನ್ನು, ಇನ್ನೊಂದು ಇಲ್ಲದ ಚಳಿಯನ್ನು ತೋರಿಸುತ್ತದೆ.

ಇದು ಬರಿಯ ಕುತೂಹಲದ ಮಾತಾಗಿ ಉಳಿಯುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ಕೆಲಸ ಮಾಡುವವರಿಗೆ ತಲೆನೋವು, ತಲೆಸುತ್ತು ಬಂದಾಗ ಹಣೆಗೆ ಮೆಂಥಾಲ್ ಮುಲಾಮು ತಿಕ್ಕಿಕೊಂಡು ಮತ್ತೆ ಕೆಲಸಕ್ಕೆ ಇಳಿಯುವುದುಂಟು. ತಣ್ಣಗಾಯಿತೆಂದು ಅನಿಸಿದರೂ ಮೈಯ ಕಾವು ಇಳಿದಿರುವುದಿಲ್ಲ. ಅಪಾಯದ ಗಂಟೆ ಬಡಿಯುತ್ತಿರುವಾಗ ಕಿವಿ ಮುಚ್ಚಿಕೊಂಡ ಹಾಗಾಗುತ್ತದೆ. ಅಂಥವರನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಚಿಮುಕಿಸಿ ಗಾಳಿ ಬೀಸಬೇಕು. ಎಚ್ಚರವಿದ್ದರೆ ಉಪ್ಪು ಸಕ್ಕರೆ ಬೆರೆಸಿದ ನೀರನ್ನೋ ಮಜ್ಜಿಗೆಯನ್ನೋ ಕುಡಿಸಬೇಕು. ಮಜ್ಜಿಗೆಗೆ ಪುದೀನ ಹಾಕಿದರೆ ರುಚಿಗೆ ಒಳ್ಳೆಯದು, ಕೆಲಸ ಮಾಡುವುದು ಮಜ್ಜಿಗೆಯ ನೀರು ಮತ್ತು ಉಪ್ಪು. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಎಣ್ಣೆಯ ಶೀಷೆ

ಪುದೀನದ ಎಲೆಗೂ ಎಣ್ಣೆಗೂ ಇರುವ ಅಂತರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪೆಪ್ಪರಮಿಂಟಿನ 100 ಕಿಲೋ ಹಸಿ ಸೊಪ್ಪಿನಿಂದ ಬರುವ ಎಣ್ಣೆ 300ರಿಂದ 350 ಗ್ರಾಂ ಎಂದಿಟ್ಟುಕೊಂಡರೆ, 10 ಮಿಲಿಲೀಟರಿನ ಒಂದು ಶೀಷೆಗೆ ಸುಮಾರು ಮೂರು ಕಿಲೋ ಸೊಪ್ಪು ಬೇಕು. ದಿನಕ್ಕೆ 50 ಗ್ರಾಂ ಸೊಪ್ಪಿನ ಚಟ್ನಿ ಅರೆಯುವ ಮನೆಯಲ್ಲಿ ಅದು ಎರಡು ತಿಂಗಳ ಚಟ್ನಿ. ಎರಡು ತಿಂಗಳ ಚಟ್ನಿಯನ್ನು ಒಂದೇ ಗುಟುಕಿಗೆ ಯಾರೂ ನುಂಗಲಾರರು, ಶೀಷೆಯನ್ನು ಮಗು ನುಂಗಬಲ್ಲದು.

ಎರಡು ವರ್ಷದೊಳಗಿನ ಮಕ್ಕಳಿಗೆ ಪೆಪ್ಪರಮಿಂಟ್ ಎಣ್ಣೆಯನ್ನು ಕೊಡಲೇಬಾರದೆಂದು ಯುರೋಪಿನ ಔಷಧ ಸಂಸ್ಥೆ ಎಚ್ಚರಿಸಿದೆ. ಮೆಂಥಾಲಿನ ಘಾಟಿಗೆ ಎಳೆಯ ಮಗುವಿನ ಗಂಟಲು ಬಿಗಿದು ಉಸಿರು ನಿಲ್ಲುವ ಸಂಭವವಿದೆ. ನೆಗಡಿಯಾದ ಕೂಸಿನ ಮೂಗಿನ ಬಳಿ, ಎದೆಯ ಮೇಲೆ ಮೆಂಥಾಲ್ ಅಥವಾ ಕರ್ಪೂರದ ಮುಲಾಮು ಹಚ್ಚುವ ರೂಢಿಯನ್ನು ಬಿಡಬೇಕು. ಕರ್ಪೂರ, ನೀಲಗಿರಿ ಎಣ್ಣೆ ಇವು ಇನ್ನೂ ಅಪಾಯಕಾರಿ, ಸ್ವಲ್ಪವೇ ಹೊಟ್ಟೆಗೆ ಹೋದರೂ ಮಕ್ಕಳಿಗೆ ಸೆಳವು ಬರಬಹುದು. ಕರ್ಪೂರ, ಪುದೀನದ ಹರಳು, ಓಂಕಾಳಿನ ಸತ್ವ ಮೂರನ್ನೂ ಕೂಡಿಸಿದರೆ ಗಟ್ಟಿ ವಸ್ತುಗಳೇ ಕರಗಿ ನೀರಾಗುತ್ತವೆ. ಅಮೃತಧಾರೆ ಎಂಬ ಹೆಸರಿನಲ್ಲಿ ಅನೇಕ ಮನೆಗಳಲ್ಲಿರುವ ಔಷಧ ಇದೇ. ಹೆಸರು ಅಮೃತವಾದರೂ ಇದರ ಶೀಷೆಯನ್ನು ಕೀಟನಾಶಕದ ಡಬ್ಬಿಯಂತೆಯೇ ಮಕ್ಕಳ ಕೈಗೆಟುಕದಂತೆ ಬೀಗ ಹಾಕಿಡಬೇಕು. ಮಗು ಇಂಥ ಎಣ್ಣೆಯನ್ನು ಕುಡಿದರೆ ವಾಂತಿ ಮಾಡಿಸಬಾರದು. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೆಡುಕು ಹೆಚ್ಚು. ಶೀಷೆಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಿತ್ತಲಿಗೊಂದು ಮಡಿ

ಚಟ್ನಿಗೆ, ಮಜ್ಜಿಗೆಗೆ ಬೇಕಾದ ಪುದೀನವನ್ನು ಪ್ರತಿ ಮನೆಯೂ ಬೆಳೆದುಕೊಳ್ಳಬಹುದು. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಮಡಿ ಸಾಕು. ಸಿರುಗುಪ್ಪ ಭಾಗದ ಎರೆಭೂಮಿಯಲ್ಲಿ, ಅದರಲ್ಲೂ ಕಾಲುವೆ ನೀರು ನಿಂತು ಚೌಳಾಗಿ ಬಿಳಿಯ ಹೊಟ್ಟು ಏಳುವ ಕಡೆಗಳಲ್ಲಿ, ನೇರವಾಗಿ ನೆಟ್ಟರೆ ಪುದೀನ ಬಾಡುತ್ತದೆ. ಅಂಥಲ್ಲಿ ಮಡಿಯನ್ನು ಒಂದು ಗೇಣು ಎತ್ತರಿಸಿ, ಮರಳು ಮತ್ತು ಎರಡು ಮೂರು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಹಗರಿ ದಂಡೆಯ ಮರಳು ಮಿಶ್ರಿತ ಮಣ್ಣಿಗೆ ಗೊಬ್ಬರವಷ್ಟೇ ಸಾಕು. ನೆಲವೇ ಇಲ್ಲದ ಬಳ್ಳಾರಿ ನಗರದ ಮನೆಗಳಲ್ಲಿ ತಳಕ್ಕೆ ತೂತು ಮಾಡಿದ ಹಳೆಯ ಡಬ್ಬಿಯಲ್ಲೂ ಬೆಳೆಯಬಹುದು.

ಸಂತೆಯಿಂದ ತಂದ ಕಟ್ಟಿನಲ್ಲಿ ಬೇರು ಕಚ್ಚಿಕೊಂಡಿರುವ ಕಡ್ಡಿಗಳನ್ನು ಆರಿಸಿ, ನಾಲ್ಕೈದು ಅಂಗುಲದ ತುಂಡು ಮಾಡಿ, ಅಡಿಗೊಂದು ಸಾಲಿನಲ್ಲಿ ಮುಕ್ಕಾಲು ಅಡಿ ಅಂತರದಲ್ಲಿ ನೆಡಬೇಕು. ಈ ಮಡಿಗೆ ಐವತ್ತು ತುಂಡು ಸಾಕಾಗುತ್ತವೆ. ಮಳೆಗಾಲದ ಮೊದಲಲ್ಲಿ ಅಥವಾ ದಸರೆಯ ಅನಂತರ ನೆಡುವುದು ಅನುಕೂಲ. ಬೇಸಿಗೆಯಲ್ಲಿ ಮಧ್ಯಾಹ್ನದ ನೆರಳು ಬೀಳುವ ಜಾಗ ಉತ್ತಮ. ಎರಡು ಮೂರು ದಿನಕ್ಕೊಮ್ಮೆ ನೀರು ಕೊಡಬೇಕು, ನಿಲ್ಲಲು ಬಿಡಬಾರದು. ಎರಡು ತಿಂಗಳಿಗೆ ಮೊದಲ ಕೊಯ್ಲು. ನೆಲದಿಂದ ಎರಡು ಬೆರಳು ಬಿಟ್ಟು ಕೊಯ್ದು ಒಂದಿಷ್ಟು ಗೊಬ್ಬರ ಉದುರಿಸಿದರೆ ಮತ್ತೆ ಚಿಗುರುತ್ತದೆ. ಎಲೆಯ ಅಡಿಯಲ್ಲಿ ಕಾವಿ ಬಣ್ಣದ ಪುಡಿ ಕಂಡರೆ ಅದು ತುಕ್ಕುರೋಗ, ಅಂಥ ಕಡ್ಡಿಗಳನ್ನು ಕಿತ್ತು ಸುಡಬೇಕು. ಎರಡು ಮೂರು ವರ್ಷಕ್ಕೊಮ್ಮೆ ಜಾಗ ಬದಲಿಸಿದರೆ ಸೊಪ್ಪು ಚೆನ್ನಾಗಿರುತ್ತದೆ.

ಮೆಣಸಿನಕಾಯಿ, ಹತ್ತಿ ಹೊಲದ ಬದುವಿನಲ್ಲಿ ಪುದೀನ ಹಾಕುವುದು ತಪ್ಪು. 2021-22ರಲ್ಲಿ ಹೊಸ ಬಗೆಯ ಥ್ರಿಪ್ಸ್ ನುಸಿ ಮೆಣಸಿನಕಾಯಿಗೆ ಮುತ್ತಿದ ಮೇಲೆ ಸಿಂಪರಣೆಯ ಸರದಿ ಹೆಚ್ಚಿದೆ. ಆ ಔಷಧ ಗಾಳಿಯಲ್ಲಿ ತೇಲಿಬಂದು ಪುದೀನದ ಎಲೆಯ ಮೇಲೆ ಕೂರುತ್ತದೆ. ಮೆಣಸಿನಕಾಯಿ ಒಣಗಿ ಮನೆಗೆ ಬರಲು ವಾರಗಳಿವೆ, ಪುದೀನವಾದರೋ ಅದೇ ಸಂಜೆ ಹಸಿಯಾಗಿಯೇ ತಟ್ಟೆಗೆ ಬರುತ್ತದೆ. ಕಾಲುವೆಯ ನೀರಿನಲ್ಲಿ ತೊಳೆದ ಸೊಪ್ಪನ್ನು ಹಸಿಯಾಗಿ ತಿನ್ನದೆ, ಕುಡಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆದು ಬಳಸಬೇಕು.

ಎಣ್ಣೆಗಾಗಿ ಹೊಲದಲ್ಲಿ ಬೆಳೆಯಬೇಕೆ?

ಉತ್ತರ ಪ್ರದೇಶದ ಬಾರಾಬಂಕಿ ಸುತ್ತಿನ ರೈತರು ಜಪಾನೀ ಪುದೀನ ಬೆಳೆದು ಹಣ ಕಂಡಿದ್ದಾರೆ. ಲಖನೌದ ಸೀಮ್ಯಾಪ್ ಸಂಸ್ಥೆ ಕೊಟ್ಟ ಕೋಸಿ ಮೊದಲಾದ ತಳಿಗಳು ಅಲ್ಲಿ ಹಬ್ಬಿವೆ, ಮೆಂಥಾಲ್ ಪುದೀನದ ಎಣ್ಣೆಯಲ್ಲಿ ಭಾರತ ಜಗತ್ತಿಗೇ ಮೊದಲನೆಯದಾಗಿದೆ. ಅದನ್ನು ಕೇಳಿ ತುಂಗಭದ್ರಾ ಅಚ್ಚುಕಟ್ಟಿನ ರೈತನಿಗೂ ಆಸೆ ಹುಟ್ಟುವುದು ಸಹಜ. ಭತ್ತ ಬೆಳೆದು ಬೇಸತ್ತವನಿಗೆ ಇನ್ನೂ ಸಹಜ.

ಮೊದಲನೆಯದಾಗಿ ಪೆಪ್ಪರಮಿಂಟ್ ಈ ಸೀಮೆಯ ಗಿಡವಲ್ಲ. ಅದಕ್ಕೆ ಬೇಸಿಗೆಯಲ್ಲಿ ಉದ್ದನೆಯ ಹಗಲು, ತಂಪು ಹವೆ ಬೇಕು. ಜಪಾನೀ ಪುದೀನ ಬಿಸಿಲನ್ನು ತಡೆದೀತು, ನೀರಿಲ್ಲದಿರುವುದನ್ನು ತಡೆಯದು. ಉತ್ತರದಲ್ಲಿ ಅದನ್ನು ಜನವರಿ, ಫೆಬ್ರವರಿಯಲ್ಲಿ ನೆಟ್ಟು ಮೇ, ಜೂನಿನಲ್ಲಿ ಕೊಯ್ಯುತ್ತಾರೆ. ಆ ಕಾಲದಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ನೀರು ತಪ್ಪಬಾರದು. ಸಿರುಗುಪ್ಪ, ಕುರುಗೋಡು ಕಡೆಯ ಬಲದಂಡೆ ಕೆಳಮಟ್ಟದ ಕಾಲುವೆ ಬತ್ತುವುದು ಸರಿಯಾಗಿ ಅದೇ ಹೊತ್ತಿಗೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದ ಮೇಲಂತೂ ಎರಡನೆಯ ಬೆಳೆಯ ನೀರನ್ನು ನೆಚ್ಚಿ ಹೊಸ ಬೆಳೆಗೆ ಕೈಹಾಕುವುದು ಎಷ್ಟು ಕಷ್ಟವೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸಿಹಿನೀರಿನ ಸ್ವಂತ ಕೊಳವೆಬಾವಿ ಇದ್ದವರಿಗೆ ಮಾತ್ರ ಈ ಮಾತು ಬೇರೆ.

ಎರಡನೆಯದು ಬಟ್ಟಿ. ಎರಡು ಕೊಯ್ಲಿನಿಂದ ಎಕರೆಗೆ 40ರಿಂದ 60 ಕಿಲೋ ಎಣ್ಣೆ ಬರಬಹುದು. ಅದಕ್ಕಾಗಿ ಎಂಟು ಹತ್ತು ಟನ್ ಸೊಪ್ಪನ್ನು ಕೊಯ್ದು, ಕೆಲವು ಗಂಟೆ ಬಾಡಿಸಿ, ಕೊಳೆಯುವ ಮೊದಲೇ ಹಬೆಗೆ ಹಾಕಬೇಕು. ಹತ್ತಿರದಲ್ಲಿ ಬಟ್ಟಿ ಇಲ್ಲದಿದ್ದರೆ ಸೊಪ್ಪು ಗೊಬ್ಬರವಾಗುತ್ತದೆ. ಹಸಿ ಸೊಪ್ಪನ್ನು ನೂರಾರು ಮೈಲಿ ಲಾರಿಯಲ್ಲಿ ಸಾಗಿಸಿ ಉಳಿಸಿಕೊಂಡವರಿಲ್ಲ. ಎಣ್ಣೆಯ ಬೆಲೆಯೂ ಸ್ಥಿರವಲ್ಲ. ಕಾರ್ಖಾನೆಯಲ್ಲಿ ತಯಾರಾಗುವ ಕೃತಕ ಮೆಂಥಾಲ್ ಇದಕ್ಕೆ ಪೈಪೋಟಿ ಕೊಡುತ್ತಿದೆ.

ಸುಗಂಧ ಬೆಳೆಯೇ ಬೇಕೆನ್ನುವ ರೈತರು ಕಡಿಮೆ ನೀರಿನಲ್ಲಿ ಬರುವ ನಿಂಬೆಹುಲ್ಲು, ಪಾಮರೋಸಾ ಹುಲ್ಲುಗಳನ್ನು ವಿಚಾರಿಸುವುದು ಲೇಸು. ನೆರೆಯ ಕರ್ನೂಲು ಜಿಲ್ಲೆಯ ಕಪ್ಪುನೆಲದಲ್ಲಿ ಬೆಳೆಯುವ ಓಂಕಾಳಿಗೆ ಬಟ್ಟಿಯ ಹಂಗೂ ಇಲ್ಲ, ಕಾಳನ್ನು ಒಣಗಿಸಿ ಮಾರಬಹುದು. ಹುಲ್ಲಿನ ಬೆಳೆಗಾದರೆ ಹತ್ತಾರು ರೈತರು ಕೂಡಿ ಒಂದು ಬಟ್ಟಿ ಇಟ್ಟುಕೊಂಡಾಗ ಮಾತ್ರ ಲೆಕ್ಕ ಕೂಡುತ್ತದೆ. ಸಸಿ ಮಾರುವವರೇ ಎಣ್ಣೆಯನ್ನೂ ಕೊಳ್ಳುತ್ತೇವೆಂದು ಮಾತು ಕೊಟ್ಟಾಗ ಆ ಮಾತನ್ನು ಕಾಗದದ ಮೇಲೆ, ದರ ಮತ್ತು ತಾರೀಖಿನ ಸಮೇತ ಬರೆಸಿಕೊಳ್ಳಬೇಕು. ಬರೆದುಕೊಡಲು ಒಪ್ಪದಿದ್ದರೆ ಸಸಿಗೆ ಮುಂಗಡ ಕೊಡಬಾರದು. ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಮತ್ತು ಬಾವಿ ನೀರಿನ ಪರೀಕ್ಷೆ ಮಾಡಿಸಿ, ಸೀಮ್ಯಾಪಿನ ಬೆಂಗಳೂರು ಕೇಂದ್ರದಿಂದ ತಳಿಯ ವಿಷಯ ತಿಳಿದು, ಮೊದಲ ವರ್ಷ ಹತ್ತು ಗುಂಟೆಯಲ್ಲಿ ಮಾತ್ರ ಹಾಕಿ ನೋಡಬೇಕು.